ನಾಣ್ಯ ನಾರೋದಿಲ್ಲ, ಬೀದಿ ನಾರುತ್ತದೆ

ಪ್ರಾಚೀನ ರೋಮ್‌ನಲ್ಲಿ ಮರ್ಯಾದಸ್ಥನ ಟೋಗಾ, ಅಂದರೆ ಮೈಗೆ ಸುತ್ತಿಕೊಳ್ಳುವ ಉದ್ದನೆ ಬಟ್ಟೆ, ಬೆಳ್ಳಗಿರಬೇಕು. ಓಟು ಕೇಳಲು ಹೊರಟವನದ್ದಂತೂ ಸುಣ್ಣ ತಿಕ್ಕಿಸಿಕೊಂಡು ಫಳಫಳ ಹೊಳೆಯಬೇಕು. ಬಟ್ಟೆಗೆ ಸೋಪು ಹಾಕುವ ರೂಢಿಯಿಲ್ಲ. ಮತ್ತೆ ಒಗೆಯೋದು ಹೇಗೆ? ಹಳಸಿದ ಉಚ್ಚೆಯಿಂದ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಊರು ಪೊಂಪೈನಲ್ಲಿ ಸ್ಟೆಫಾನಸ್ ಹೆಸರಿನ ಲಾಂಡ್ರಿ ಇವತ್ತಿಗೂ ನೋಡಲು ಸಿಗುತ್ತದೆ. ಇಂಥ ಲಾಂಡ್ರಿಗಳಲ್ಲಿ ಸಣ್ಣ ಸಣ್ಣ ತೊಟ್ಟಿ, ಎರಡೂ ಪಕ್ಕ ಮೋಟುಗೋಡೆ. ಆಳು ಆ ಗೋಡೆಗಳ ಮೇಲೆ ಕೈ ಊರಿ, ಬರಿಗಾಲಲ್ಲಿ ಬಟ್ಟೆ ತುಳಿಯಬೇಕು. ಆಮೇಲೆ ಜಾಲಿಸುವ ತೊಟ್ಟಿಗಳು. ಹೊಸ ನೀರು ಒಂದು ತುದಿಯಿಂದ ತೊಟ್ಟಿಯಿಂದ ತೊಟ್ಟಿಗೆ ಇಳಿಯುತ್ತದೆ, ಬಟ್ಟೆ ಎದುರಿನಿಂದ ಬರುತ್ತದೆ. ನೀರು ಉಳಿಸುವ ಬುದ್ಧಿಗೇನೂ ಕೊರತೆಯಿರಲಿಲ್ಲ. ಕೆಲಸ ಮುಗಿದ ನೀರು ಮಾತ್ರ ಸೀದಾ ಬೀದಿಗೆ!

ಸರ್ಕಾರ ಸುಮ್ನೆ ಕೂತಿತ್ತು ಅನ್ನಬೇಡಿ. ವೆಸ್ಪಾಸಿಯನ್ ಚಕ್ರವರ್ತಿ ಉಚ್ಚೆಯ ಮೇಲೇ ತೆರಿಗೆ ಹಾಕಿದ. ಮಗ ಟೈಟಸ್ ಮುಖ ಸಿಂಡರಿಸಿದಾಗ ಆ ತೆರಿಗೆಯ ನಾಣ್ಯವನ್ನು ಅವನ ಮೂಗಿಗೆ ಹಿಡಿದು, 'ನಾರುತ್ತಾ?' ಅಂದನಂತೆ. ಇಲ್ಲ ಅಂದ ಮಗ. ಬೀದಿಗೆ ಬಂದು ಮೂಸಿ ನೋಡಪ್ಪಾ ಅನ್ನಬಹುದಿತ್ತು. ಆದರೆ ಮುಂದಿನ ಚಕ್ರವರ್ತಿ ಅವನೇ ಅಲ್ವಾ?

ಬರುವ ನೀರಿಗೆ ಲೆಕ್ಕ ಪಕ್ಕಾ. ಊರಿನ ಸಾರ್ವಜನಿಕ ತೊಟ್ಟಿಗಳಿಂದ ತುಂಬಿ ಚೆಲ್ಲುವ ನೀರು ಹಿಂದೆಲ್ಲ ಸ್ನಾನಗೃಹ, ಲಾಂಡ್ರಿಗಳಿಗೆ ಮಾತ್ರ, ಅದೂ ದುಡ್ಡು ಕಟ್ಟಿದರೆ ಅಂತ ಕ್ರಿ.ಶ. 97ರಲ್ಲಿ ರೋಮ್‌ನ ನೀರಿನ ಅಧಿಕಾರಿಯಾದ ಫ್ರಾಂಟಿನಸ್ ಬರೆದಿಟ್ಟಿದ್ದಾನೆ. ಪಾಪ, ಅವನ ಇಲಾಖೆಯವರೇ ಕೊಳವೆಗೆ ತೂತು ಕೊರೆದು ನೀರು ಮಾರುತ್ತಿದ್ದರು. ಆ ಕಳ್ಳ ಕೊಳವೆಗಳನ್ನು ಕೀಳಿಸಿದಾಗ ಸಿಕ್ಕ ಸೀಸವೇ ರಾಶಿ.

ಇನ್ನು ಹೋಗುವ ನೀರು. ಒಬ್ಬ ತನ್ನ ಹೊಲದ ಬುಗ್ಗೆಯ ಸುತ್ತ ಲಾಂಡ್ರಿ ಹಾಕಿ ನೀರನ್ನು ಪಕ್ಕದವನ ಹೊಲಕ್ಕೆ ಬಿಟ್ಟ. ಪಕ್ಕದವನ ಜಾಗದಿಂದ ಮಳೆನೀರು ನುಗ್ಗದಂತೆ ತಡೆಯಲು ಹಾಕುವ ದಾವೆ ಇದಕ್ಕೆ ನಡೆಯಲ್ಲ ಎಂದ ಟ್ರೆಬೇಷಿಯಸ್ ಎಂಬ ಕಾನೂನು ಪಂಡಿತ. ನೀರು ಗಲೀಜಾಗಿದ್ದರೆ ತಡೆಯಬಹುದು ಅಂತ ಬಹುಪಾಲು ಪಂಡಿತರು ಒಪ್ಪಿಕೊಂಡರು. ಬಹುಪಾಲು! ಉಚ್ಚೆ ನೀರು ಗಲೀಜೋ ಅಲ್ಲವೋ ಅಂತ ಉಳಿದವರು ಇನ್ನೂ ಯೋಚಿಸುತ್ತಿದ್ದರೇನೋ.

ರೋಮ್‌ನ ಲಾಂಡ್ರಿಯವರು ತಮ್ಮ ಜಾಗಕ್ಕೆ ಬಾಡಿಗೆ ಕಟ್ಟಬೇಕೋ ಬೇಡವೋ ಅನ್ನೋ ಕೇಸು 226ರಿಂದ 244ರವರೆಗೆ ಎಳೆಯಿತು. ನಡುವೆ 238ರಲ್ಲಿ ಒಂದೇ ವರ್ಷ ಆರು ಜನ ಚಕ್ರವರ್ತಿ ಅನ್ನಿಸಿಕೊಂಡರು. ಕೇಸು ಮಾತ್ರ ಅಲ್ಲೇ ಇತ್ತು. ಕೊನೆಗೆ ಲಾಂಡ್ರಿಯವರೇ ಗೆದ್ದರು. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಿಂದ ಈ ಜಾಗ ಬಾಡಿಗೆ ಕಟ್ಟಿದ್ದೇ ಇಲ್ಲ ಅನ್ನೋ ಮಾತು ಕಲ್ಲಿನಲ್ಲೇ ಕೆತ್ತಿಸಿಕೊಂಡರು. ನೀರನ್ನು ಎಲ್ಲಿಗೆ ಬಿಡಬೇಕು ಅಂತ ಯಾರೂ ಕೇಳಿರಲಿಲ್ಲ, ಹಾಗಾಗಿ ಅದನ್ನು ಕೆತ್ತುವ ಖರ್ಚು ಉಳಿಯಿತು.