ಸೈಟೇಶನ್ ಎಷ್ಟು ಅಂತ ಕೇಳ್ತೀರಿ, ಯಾಕೆ ಸಿಕ್ಕಿದೆ ಅಂತ ಕೇಳಲ್ಲ

ಯಾವುದಾದರೂ ಕಂಪ್ಯೂಟರ್ ವಿಜ್ಞಾನಿಯ ಹೆಸರು ಕಿವಿಗೆ ಬಿದ್ದ ಕೂಡಲೇ ನಾವು ಮಾಡುವ ಮೊದಲ ಕೆಲಸ ಸಂಶೋಧನಾ ಪೇಪರುಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತೆರೆಯೋದು. ಒಟ್ಟು ಸೈಟೇಶನ್ (ಅವರ ಪೇಪರುಗಳನ್ನು ಬೇರೆ ಪೇಪರುಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನೋ ಲೆಕ್ಕ), ಎಚ್-ಇಂಡೆಕ್ಸ್, ಆಯಾ ವರ್ಷದ ಸೈಟೇಶನ್ ತೋರಿಸುವ ವರ್ಷಕ್ಕೊಂದು ಕಂಬ. ಕಂಬಗಳು ಏರುತ್ತಾ ಹೋಗಿದ್ದರೆ ಆಸಾಮಿ ದೊಡ್ಡವನು, ಇಲ್ಲದಿದ್ದರೆ ಪುಟ ಮುಚ್ಚಿಯಾಯ್ತು. ಪೇಪರಿನ ಒಂದು ಸಾಲನ್ನೂ ಓದಿರುವುದಿಲ್ಲ. ನಾವು ಸುಮ್ನೆ ಕುತೂಹಲಕ್ಕೆ ಹೀಗೆ ನೋಡಿದರೆ ತೊಂದರೆಯಿಲ್ಲ. ಕೆಲಸ ಕೊಡುವ, ಬಡ್ತಿ ಕೊಡುವ ಸಮಿತಿಗಳೂ ಇಷ್ಟರಲ್ಲೇ ಮುಗಿಸಿಬಿಡುತ್ತವೆ ಅನ್ನೋದೇ ನನ್ನ ತಕರಾರು.

ಎಚ್-ಇಂಡೆಕ್ಸ್ ಲೆಕ್ಕ ಸುಲಭ. ನಿಮ್ಮ 20 ಪೇಪರುಗಳು ತಲಾ ಕನಿಷ್ಠ 20 ಸಲ ಉಲ್ಲೇಖವಾಗಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. 2005ರಲ್ಲಿ ಇದನ್ನು ಕೊಟ್ಟವರು ಹೋರ್ಹೆ ಹಿರ್ಶ್, ಭೌತವಿಜ್ಞಾನಿ. ಈ ಲೆಕ್ಕದಲ್ಲಿ ಮೂರೇ ಮೂರು ಪೇಪರ್ ಬರೆದವರು, ಆ ಮೂರೂ ಲೋಕವನ್ನೇ ಬದಲಿಸಿದರೂ, ಮೂರನ್ನು ದಾಟುವ ಹಾಗಿಲ್ಲ. ಇದು ಕೆಲವು ಸಲ ಕೆಟ್ಟದಾಗಿ ಕೈಕೊಡುತ್ತದೆ, ಹಾನಿಯನ್ನೂ ಮಾಡುತ್ತದೆ ಅಂತ 2020ರಲ್ಲಿ ಹಿರ್ಶ್ ಅವರೇ ಬರೆದರು. ಅಷ್ಟೊತ್ತಿಗೆ ಅದು ಎಲ್ಲ ಅರ್ಜಿ ನಮೂನೆಗಳಲ್ಲೂ ಸೇರಿಕೊಂಡಿತ್ತು.

ಕಂಪ್ಯೂಟರ್ ವಿಜ್ಞಾನದಲ್ಲಿ ಇನ್ನೂ ಒಂದು ಗಂಟಿದೆ. ಇಲ್ಲಿ ಮುಖ್ಯ ಕೆಲಸ ಹೆಚ್ಚಾಗಿ ಮೊದಲು ಬರೋದು ಕಾನ್ಫರೆನ್ಸುಗಳಲ್ಲಿ. ಬೇರೆ ವಿಷಯದವರು "ಜರ್ನಲ್ ಎಲ್ಲಿ?" ಅಂತ ಕೇಳುತ್ತಾರೆ. ಜರ್ನಲ್ಲುಗಳನ್ನೇ ನೆಚ್ಚಿಕೊಂಡು ಎಣಿಸಿದರೆ ಒಬ್ಬರ ಅರ್ಧ ಬದುಕೇ ಲೆಕ್ಕದಿಂದ ಹೊರಗುಳಿಯುತ್ತದೆ.

ಹೋಗಲಿ, ಎಲ್ಲವನ್ನೂ ಸರಿಯಾಗಿಯೇ ಎಣಿಸಿದೆವು ಅಂತಿಟ್ಟುಕೊಳ್ಳಿ. 2017ರಲ್ಲಿ ಎಂಟು ಜನ ಸೇರಿ ಬರೆದ, ಇವತ್ತಿನ ಚಾಟ್‌ಬಾಟ್‌ಗಳಿಗೆಲ್ಲ ತಳಪಾಯವಾದ ಟ್ರಾನ್ಸ್‌ಫಾರ್ಮರ್ ಪೇಪರ್ ಕೆಲವೇ ವರ್ಷಗಳಲ್ಲಿ ಒಂದು ಲಕ್ಷ ಸೈಟೇಶನ್ ದಾಟಿತು. ಇನ್ನೊಂದು ಕಡೆ, 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅನ್ನೋದನ್ನು ಬಹುಪದೀಯ ಸಮಯದಲ್ಲಿ, ಅಂದರೆ ಸಂಖ್ಯೆ ಉದ್ದವಾದರೂ ಲೆಕ್ಕದ ಹೊತ್ತು ಕೈಮೀರಿ ಬೆಳೆಯದ ಹಾಗೆ, ಖಚಿತವಾಗಿ ಹೇಳುವ ದಾರಿ ತೋರಿಸಿದರು. ಘಟಾನುಘಟಿಗಳ ಕೈಗೆ ಸಿಗದೆ ಉಳಿದಿದ್ದ ಪ್ರಶ್ನೆ ಅದು. ಮೂವರಲ್ಲಿ ಇಬ್ಬರು ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಹುಡುಗರು! 2006ರಲ್ಲಿ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೆ ಕೊಡುವ ಗೋಡೆಲ್ ಪ್ರಶಸ್ತಿಯೂ ಬಂತು. ಸೈಟೇಶನ್‌ನಲ್ಲಿ ಮಾತ್ರ ಇದು ಟ್ರಾನ್ಸ್‌ಫಾರ್ಮರ್ ಪೇಪರಿನ ಹತ್ತಿರವೂ ಸುಳಿಯುವುದಿಲ್ಲ. ಮಷೀನ್ ಲರ್ನಿಂಗ್‌ನಲ್ಲಿ ಜನ ಜಾಸ್ತಿ, ಅವರು ಬರೆಯುವ ಪೇಪರೂ ಜಾಸ್ತಿ, ಪ್ರತಿ ಪೇಪರಿನ ಕೊನೆಯ ಪಟ್ಟಿಯೂ ಉದ್ದ. ಥಿಯರಿಯಲ್ಲಿ, ಅಂದರೆ ಈ ಮೂವರ ಹಾಗೆ ಗಣಿತದ ದಾರಿಯಲ್ಲಿ ಕೆಲಸ ಮಾಡುವ ವಿಭಾಗದಲ್ಲಿ, ಇರುವವರೇ ಕಡಿಮೆ. ಸಂತೆಯಲ್ಲಿ ಕೂಗಿದವನ ದನಿಯನ್ನೂ ಮನೆಯೊಳಗೆ ಮಾತಾಡಿದವನ ದನಿಯನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗಾಯ್ತು.

ಇನ್ನು ಕೆಲವು ಕೆಲಸಗಳು ಎಷ್ಟು ಬಳಕೆಗೆ ಬಂದುಬಿಡುತ್ತವೆ ಅಂದರೆ ಬಳಸುವವರಲ್ಲಿ ಹೆಚ್ಚಿನವರು ಉಲ್ಲೇಖಿಸೋದೇ ಇಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಮೂರು ಪುಟದ ಟಿಪ್ಪಣಿಯಲ್ಲಿ ಕೊಟ್ಟ ಅತಿ ಹತ್ತಿರದ ದಾರಿಯ ವಿಧಾನವನ್ನು ಈಗ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲೇ ಕಲಿಯುತ್ತಾರೆ, ಕೋಡ್ ಬರೆದು ಮುಂದೆ ಹೋಗುತ್ತಾರೆ. ಡೊನಾಲ್ಡ್ ಕನೂತ್ ಕಟ್ಟಿದ ಟೆಕ್ (TeX) ಅನ್ನೋ ಅಕ್ಷರ ಜೋಡಣೆಯ ತಂತ್ರಾಂಶ ಇಲ್ಲದಿದ್ದರೆ ಈ ರಂಗದ ಪೇಪರುಗಳು ಅಚ್ಚಿಗೆ ಈ ರೂಪದಲ್ಲಿ ಬರುತ್ತಲೇ ಇರಲಿಲ್ಲ. ಅದರಲ್ಲೇ ಬರೆದ ಎಷ್ಟು ಪೇಪರುಗಳ ಪಟ್ಟಿಯಲ್ಲಿ ಅವರ ಹೆಸರಿದೆ, ಹುಡುಕಿ ನೋಡಿ.

ನನ್ನ ಅಸಲಿ ಮಾತು ಬೇರೆ. ಪ್ರೊಫೈಲಿನಲ್ಲಿ ಪೇಪರಿನ ಪಕ್ಕದ ಸಂಖ್ಯೆಯನ್ನು ಒತ್ತಿ, ಅದನ್ನು ಉಲ್ಲೇಖಿಸಿದ ಪೇಪರುಗಳಲ್ಲಿ ಯಾವುದಾದರೂ ಒಂದನ್ನು ತೆರೆಯಿರಿ. ಮೊದಲ ಪುಟ, ಎರಡನೇ ಪ್ಯಾರಾ: "ಈ ಸಮಸ್ಯೆಯ ಮೇಲೆ ಸಾಕಷ್ಟು ಕೆಲಸ ನಡೆದಿದೆ [3, 7, 12–19]". ನಮ್ಮ ವಿಜ್ಞಾನಿ ಆ 14. ಬರೆದವರು ಅದನ್ನು ಓದಿದ್ದಾರೋ, ಬೇರೆ ಪೇಪರಿನ ಪಟ್ಟಿಯಿಂದ ಎತ್ತಿ ಹಾಕಿದ್ದಾರೋ ದೇವರಿಗೇ ಗೊತ್ತು. ಇನ್ನೊಂದನ್ನು ತೆರೆಯಿರಿ. ನಾಲ್ಕನೇ ವಿಭಾಗದಲ್ಲಿ ಇಡೀ ಸಾಧನೆ ನಿಂತಿರುವುದೇ ನಮ್ಮ ವಿಜ್ಞಾನಿ ಸಾಧಿಸಿ ತೋರಿಸಿದ ಒಂದು ಲೆಮ್ಮಾದ (ದೊಡ್ಡ ಸಾಧನೆಗೆ ಮೆಟ್ಟಿಲಾಗುವ ಸಣ್ಣ ಪ್ರಮೇಯದ) ಮೇಲೆ. ಮೂರನೆಯದರಲ್ಲಿ ಕೋಷ್ಟಕದ ಒಂದು ಸಾಲಿನಲ್ಲಿ ಹೆಸರಿದೆ, ಅದೂ "ಇದಕ್ಕಿಂತ ನಮ್ಮದು ಚೆನ್ನಾಗಿದೆ" ಅಂತ ತೋರಿಸಲು. ಮೂರಕ್ಕೂ ಸಿಗೋದು ಒಂದೊಂದೇ ಅಂಕ. "ನನ್ನ ಪೇಪರನ್ನೂ ಸೇರಿಸಿ" ಅಂತ, ಅಚ್ಚಾಗುವ ಮುನ್ನ ಬೇರೆಯವರ ಪೇಪರನ್ನು ಪರಿಶೀಲಿಸುವ ರಿವ್ಯೂನಲ್ಲಿ ಮುಲಾಜಿಲ್ಲದೆ ಬರೆಯುವ ಮಹಾಶಯರು ಗಿಟ್ಟಿಸಿಕೊಂಡ ಅಂಕವೂ ಇದರಲ್ಲೇ ಸೇರಿರುತ್ತದೆ.

"ಮುನ್ನೂರು ಅರ್ಜಿ ಬಂದಾಗ ಯಾರು ಕೂತು ಓದ್ತಾರೆ ಸ್ವಾಮಿ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮೊದಲ ಜರಡಿಯಲ್ಲೇ ಥಿಯರಿಯವರು, ಟೆಕ್‌ನಂಥ ಸಿಸ್ಟಮ್ಸ್ ಕಟ್ಟುವವರು ಉದುರಿಹೋಗುತ್ತಾರೆ. ಸಂಖ್ಯೆ ಬೇಕೇ ಬೇಕು ಅಂದರೆ ಒಂದೇ ಉಪವಿಭಾಗದ, ಒಂದೇ ವಯಸ್ಸಿನ ಸಂಶೋಧಕರನ್ನು ಮಾತ್ರ ಹೋಲಿಸಿ. ಕೊನೆಯ ಹತ್ತು ಜನಕ್ಕೆ ಬಂದಾಗ ಪ್ರತಿಯೊಬ್ಬರಿಂದಲೂ ಅವರೇ ಆರಿಸಿದ ಎರಡು ಪೇಪರ್ ತರಿಸಿಕೊಳ್ಳಿ, ಓದಿ. ಸಮಿತಿಯಲ್ಲಿ ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಒಬ್ಬರೂ ಇಲ್ಲ ಅಂದರೆ, ಹೊರಗಿನಿಂದ ಒಬ್ಬರನ್ನು ಕರೆಸಿ.