ಸೋಪು ಕಟ್ಟಿ ಅಂತ ಇನ್ಯಾರೂ ಹೇಳಬೇಡಿ

ಜಿಂಕೆ ಕಾಟ ಅಂತ ಬಾಯಿ ಬಿಟ್ಟರೆ ಸಾಕು, ಕೇಳಿದವರೆಲ್ಲ ಮದ್ದು ಹೇಳುವುದಕ್ಕೆ ಶುರು ಮಾಡುತ್ತಾರೆ. ಗಿಡಕ್ಕೆ ಸೋಪು ಕಟ್ಟಿ, ವಾಸನೆಗೆ ಜಿಂಕೆ ಬರುವುದಿಲ್ಲ. ಕೂದಲು ಚೆಲ್ಲಿ. ರಾತ್ರಿಯಿಡೀ ರೇಡಿಯೋ ಹಾಕಿಡಿ. ಇವರಲ್ಲಿ ಎಷ್ಟು ಜನ ಜಿಂಕೆ ನುಗ್ಗಿ ಹೋದ ಕೈತೋಟವನ್ನು ಕಣ್ಣಾರೆ ನೋಡಿದ್ದಾರೆ?

ನನ್ನ ತೋಟದ ಗುಲಾಬಿಯಲ್ಲಿ ಒಂದು ಮೊಗ್ಗೂ ಉಳಿದಿಲ್ಲ. ಬೀನ್ಸ್ ಬಳ್ಳಿಯಲ್ಲಿ ಬರೀ ನಾರು. ಮೊಲ ತಿಂದಿದ್ದರೆ ಕಾಂಡವನ್ನು ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲೇ ಇಲ್ಲ. ಅದು ಕಚ್ಚಿ ಜಗ್ಗುತ್ತದೆ. ತುದಿಯೆಲ್ಲ ಹರಿದು ಸೀಳಿರುತ್ತದೆ, ಎಳೆ ಸಸಿಯಾದರೆ ಬೇರು ಸಮೇತ ಕಿತ್ತು ಬಂದಿರುತ್ತದೆ. ಇನ್ನು ಗಂಡು ಜಿಂಕೆ ಕೊಂಬು ಉಜ್ಜುವುದಕ್ಕೆ ಬಂತೋ, ಎಳೆ ಮರದ ಕಥೆ ಮುಗಿಯಿತು. ಸುತ್ತಲೂ ತೊಗಟೆ ಸುಲಿದು ಹೋದ ಮರ ಬದುಕುವುದಿಲ್ಲ.

ಮೊಟ್ಟೆ ಕೊಳೆಸಿ ಮಾಡಿದ ಮದ್ದು ಸ್ವಲ್ಪ ದಿನ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಅದೂ ಇರಲಿ, ಮೊನ್ನೆ ಹೊಡೆದ ಮದ್ದು ಇವತ್ತು ಒಡೆದ ಚಿಗುರಿನ ಮೇಲೆ ಇರುವುದಿಲ್ಲ ಅಲ್ವಾ? ಜಿಂಕೆಗೆ ಬೇಕಾಗಿರುವುದು ಆ ಚಿಗುರೇ! ದೀಪ, ಸದ್ದು ಎಲ್ಲ ಅದಕ್ಕೆ ಬೇಗ ರೂಢಿಯಾಗುತ್ತವೆ. 'ಜಿಂಕೆ ಮುಟ್ಟದ ಗಿಡ' ಅಂತ ಮಾರುತ್ತಾರಲ್ಲ, ಹಸಿವು ಜಾಸ್ತಿಯಾದರೆ ಅವುಗಳಲ್ಲೂ ಎಷ್ಟೋ ಉಳಿಯುವುದಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಪಕ್ಕದ ಮನೆಯವರನ್ನು ನೋಡಿದಾಗ. 'ಪಾಪ, ಮೂಕಪ್ರಾಣಿ, ತಿಂದುಕೊಳ್ಳಲಿ ಬಿಡಿ' ಅನ್ನುತ್ತಾರೆ. ಅನ್ನುವುದಷ್ಟೇ ಅಲ್ಲ, ಜಿಂಕೆ ಬರಲಿ ಅಂತ ಹಿತ್ತಲಲ್ಲಿ ಕಾಳು ಬೇರೆ ಸುರಿಯುತ್ತಾರೆ. ಫೋಟೋ ಅವರಿಗೆ, ನಷ್ಟ ನನಗೆ. ಜಿಂಕೆ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ರೂಢಿಯಿಲ್ಲದ ಹೊಟ್ಟೆಗೆ ಒಮ್ಮೆಲೇ ಕಾಳು ಜಾಸ್ತಿಯಾದರೆ ಒಳಗೆ ಹುಳಿಯೆದ್ದು ಸತ್ತೇ ಹೋಗಬಹುದು. ಇದಕ್ಕೆ ಪ್ರಾಣಿಪ್ರೀತಿ ಅಂತ ಹೆಸರು! ನನಗೂ ಜಿಂಕೆ ಮೇಲೆ ದ್ವೇಷವಿಲ್ಲ. ಸಂಜೆ, ಮುಂಜಾನೆ ಮೇಯುವುದು ಅದರ ಸ್ವಭಾವ. ನನ್ನ ಸಿಟ್ಟೆಲ್ಲ ಅದನ್ನು ಕರೆದು ತಂದು ನನ್ನ ಗಿಡಕ್ಕೆ ಬಿಡುವವರ ಮೇಲೆ.

ತೋಟ ಉಳಿಯಬೇಕಾದರೆ ಬೇಲಿಯೇ ಗತಿ. ಸೊಂಟದೆತ್ತರದ ಚೆಂದದ ಬೇಲಿಯಲ್ಲ, 8 ಅಡಿಯದು. ಕೆಳಗೆ ಸಂದಿಯೂ ಇರಬಾರದು, ಹಾರಲಾಗದಿದ್ದರೆ ನುಸುಳುತ್ತದೆ. ಅಷ್ಟು ಎತ್ತರ ಸಾಧ್ಯವಿಲ್ಲದ ಕಡೆ ಸುಮಾರು 5 ಅಡಿಯ ಎರಡು ಬೇಲಿಗಳನ್ನು ನಡುವೆ ನಾಲ್ಕೈದು ಅಡಿ ಬಿಟ್ಟು ಹಾಕುತ್ತಾರೆ. ಹಾರಿದರೆ ಎಲ್ಲಿ ಕಾಲೂರುವುದು ಅಂತ ಅಂದಾಜು ಸಿಗದೆ ಜಿಂಕೆ ಹಿಂದೆ ಸರಿಯುತ್ತದೆ. ಯಾರಾದರೂ ಹೇಳುವುದಿದ್ದರೆ ಇದನ್ನು ಹೇಳಿ. ಸುಮ್ನೆ ಸೋಪು, ಕೂದಲು ಅಂತ ತಲೆ ತಿನ್ನಬೇಡಿ.

ಈಗ ಬೇಲಿಗೂ ತಕರಾರು. ಅಷ್ಟೆತ್ತರ ಹಾಕಿದರೆ ಜೈಲಿನ ಹಾಗೆ ಕಾಣುತ್ತದಂತೆ. ಹೇಳಿದ್ದು ಯಾರು? ಅದೇ ಕಾಳು ಸುರಿಯುವ ಮನೆಯವರು. ಹೇಗೆ ಬೇಕಾದರೂ ಕಾಣಲಿ. ನನ್ನ ಜಾಗದಲ್ಲಿ ನಾನು 8 ಅಡಿ ಬೇಲಿ ಹಾಕಿಯೇ ಹಾಕುತ್ತೇನೆ.