ಸೊಸೈಟಿಗೆ ಒಂದು ಕರಡಿ ಬೇಕಾಗಿದೆ

ಮುಂಬಯಿಯ ಮುಲುಂಡ್ ಪಶ್ಚಿಮದಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬೆನ್ನು ಹಚ್ಚಿಕೊಂಡ ಕಟ್ಟಡಗಳಿವೆ. ನಮ್ಮ ಹೌಸಿಂಗ್ ಸೊಸೈಟಿಯೂ ಅದರಲ್ಲೊಂದು. ಅಲ್ಲಿ ಚಿರತೆಯ ಬಾಲ ಕಂಡರೂ ಸಾಕು, ಅಂದೇ ಸಂಜೆ ತುರ್ತು ಮೀಟಿಂಗ್. ವಿಷಯ ಒಂದೇ, ಬೋನು ಇಡಿಸುವುದು. ಜುನ್ನರ್ ಕಡೆ ಚಿರತೆ ಹಿಡಿದು ಬೇರೆ ಕಾಡಿಗೆ ಬಿಟ್ಟ ಮೇಲೆ ಅಲ್ಲಿ ಜನರ ಮೇಲೆ ದಾಳಿ ಜಾಸ್ತಿಯಾಯಿತು. ಇರಲಿ, ಅದು ಪುಣೆ ಜಿಲ್ಲೆಯವರ ಚಿಂತೆ.

ಚಿರತೆ ಯಾಕೆ ಬರುತ್ತದೆ ಅಂತ ವಾಚ್‌ಮನ್‌ಗೂ ಗೊತ್ತು. ಗೇಟಿನ ಬಳಿ ಕಸ, ಕಸಕ್ಕೆ ನಾಯಿ, ನಾಯಿಗೆ ಚಿರತೆ. ಆದರೆ ಮೀಟಿಂಗಿನಲ್ಲಿ ಕಸದ ಮಾತು ತೆಗೆದವನನ್ನು ಎಲ್ಲರೂ ಪಾಪ ಅನ್ನುವ ಹಾಗೆ ನೋಡುತ್ತಾರೆ. 'ಯಾವ ವಾಸನೆ? ನಮಗೇನೂ ಬರುತ್ತಿಲ್ಲವಲ್ಲ!'

ಬರುವುದಿಲ್ಲ, ನಿಜ. ಮುಂಬಯಿಯ ಮೂಗು ಪಳಗಿದ ಮೂಗು. ದೇವನಾರ್‌ನಲ್ಲಿ 1927ರಿಂದ ಕಸ ಸುರಿದು ಸುರಿದು ಬೆಟ್ಟವಾಗಿದೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಹೊಗೆ ನಾಸಾದ ಉಪಗ್ರಹಕ್ಕೂ ಕಂಡಿತು. ನಾವು ಕಿಟಕಿ ಮುಚ್ಚಿ ಊದುಬತ್ತಿ ಹಚ್ಚಿದೆವು.

ನಮ್ಮ ಸೆಕ್ರೆಟರಿ ಉಡುಪಿ ಕಡೆಯವರು. ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅಲ್ಲಿ ಕಪ್ಪು ಕರಡಿಗಳು ವಾಸನೆ ಹಿಡಿದು ಹಿತ್ತಲಿಗೇ ಬರುತ್ತವೆ. ಅದಕ್ಕೇ ಹುಡುಗ ಕಸದ ಡಬ್ಬವನ್ನು ಲಾರಿ ಬರುವ ದಿನ ಬೆಳಗ್ಗೆ ಮಾತ್ರ ಹೊರಗಿಡುತ್ತಾನೆ. ಬಾರ್ಬೆಕ್ಯೂ ಒಲೆಯನ್ನು ಉಜ್ಜಿ ತೊಳೆಯುತ್ತಾನೆ. ಹಕ್ಕಿಗೆ ಕಾಳು ಹಾಕುವುದನ್ನೂ ಬಿಟ್ಟಿದ್ದಾನೆ. ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಟೂತ್‌ಪೇಸ್ಟನ್ನೂ ಕಾರಿನಲ್ಲಿ ಬಿಡದೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದನಂತೆ. ಇಲ್ಲದಿದ್ದರೆ ಕರಡಿ ಕಾರಿನ ಬಾಗಿಲನ್ನೇ ಕಿತ್ತುಬಿಡುತ್ತದೆ. 'ಎಂಥಾ ಶಿಸ್ತು ಮಾರಾಯ್ರೆ!' ಅಂತ ಸೆಕ್ರೆಟರಿ ಹಿಗ್ಗುತ್ತಾರೆ. ಇದೇ ಹುಡುಗ ಇಲ್ಲಿದ್ದಾಗ ಬಾಳೆಹಣ್ಣಿನ ಸಿಪ್ಪೆಗೆ ನಾಲ್ಕನೇ ಮಹಡಿಯ ಕಿಟಕಿಯೇ ದಾರಿಯಾಗಿತ್ತು.

ಹಾಗಂತ ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು 2016ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಆದರೆ ನಿಯಮಕ್ಕೆ ಹಲ್ಲಿಲ್ಲ. ನಮ್ಮ ದೇಶದ ಕರಡಿಗೆ ಇದೆ, ಮೇಲಿನ ಮುಂದಿನ ಎರಡನ್ನು ಬಿಟ್ಟು.

ಆದ್ದರಿಂದ ನಾನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, ಹಂಪಿ ಹತ್ತಿರದ ದರೋಜಿ ಕರಡಿಧಾಮದಿಂದ ಒಂದು ಕರಡಿ ತರಿಸೋಣ. ಅಲ್ಲಿ ಬಂಡೆಗೆ ಬೆಲ್ಲ ಸವರಿದರೆ ಸಂಜೆ ಹೊತ್ತಿಗೆ ಗುಡ್ಡ ಇಳಿದು ಬರುತ್ತವೆ. ಇಲ್ಲಿ ಬೆಲ್ಲದ ಖರ್ಚೂ ಇಲ್ಲ, ಗೇಟಿನ ಬಳಿ ಸಕಲವೂ ಸಿದ್ಧವಿದೆ. ನೆಲದೊಳಗಿನ ಗೆದ್ದಲನ್ನು ಮೂಗಿನಿಂದಲೇ ಪತ್ತೆ ಹಚ್ಚಿ, ಅಗೆದು, ಹೊಳ್ಳೆ ಮುಚ್ಚಿಕೊಂಡು ಹೀರುವ ಪ್ರಾಣಿ ಅದು. ಬಂಗುಡೆಯ ಮುಳ್ಳನ್ನು ಒಣ ಕಸದ ಡಬ್ಬಕ್ಕೆ ಹಾಕಿದವರು ಯಾವ ಫ್ಲಾಟಿನವರು ಅಂತ ತಿಳಿಯಲು ಅದಕ್ಕೆ ಸಿಸಿಟಿವಿ ಬೇಕಾ?

ಆಶ್ಚರ್ಯ ಅಂದರೆ, ಯಾರೂ ನಗಲಿಲ್ಲ. ಗಂಭೀರ ಚರ್ಚೆಯೇ ಶುರುವಾಯಿತು. ಕರಡಿಗೆ ಪೊಲೀಸ್ ವೆರಿಫಿಕೇಶನ್ ಆಗಿದೆಯಾ? ಯಾವ ಲಿಫ್ಟ್ ಬಳಸುತ್ತದೆ? ಫ್ಯಾಮಿಲಿ ಇದೆಯಾ? ಬ್ಯಾಚುಲರ್ ಆದರೆ ಬೈಲಾ ಪ್ರಕಾರ ಜಾಗ ಕೊಡುವುದಿಲ್ಲ ಎಂದರು ಖಜಾಂಚಿ. ಪಾರ್ಕಿಂಗ್ ಕೇಳದಿದ್ದರೆ ನನ್ನದೇನೂ ಅಡ್ಡಿಯಿಲ್ಲ ಎಂದರು ಇನ್ನೊಬ್ಬರು. ಕೊನೆಗೆ ಮೂರನೇ ಮಹಡಿಯ ಕಾಕಿ ಕೇಳಿದರು, 'ವೆಜ್ಜಾ, ನಾನ್‌ವೆಜ್ಜಾ?' ಹಣ್ಣು, ಜೇನು, ಗೆದ್ದಲು ತಿನ್ನುತ್ತದೆ ಎಂದೆ. ಸಭೆ ಎರಡು ಭಾಗವಾಯಿತು.

ಬೋನಿನ ಠರಾವು ಸರ್ವಾನುಮತದಿಂದ ಪಾಸಾಗಿದೆ. ಗೆದ್ದಲು ವೆಜ್ಜೋ ನಾನ್‌ವೆಜ್ಜೋ ಎಂದು ತೀರ್ಮಾನಿಸಲು ಉಪಸಮಿತಿ ನೇಮಕವಾಗಿದೆ. ವರದಿ ಬರುವ ತನಕ ಕಸವನ್ನು ಗೇಟಿನ ಬಳಿಯೇ ಇಡಬಹುದು ಎಂದು ನೋಟಿಸ್ ಹಾಕಿದ್ದಾರೆ.